ವ್ರತನಿಷ್ಠ ಓಟಗಾರ ಎರಿಕ್ ಲಿಡೆಲ್

ಪಾಠಶಾಲೆಯ ಕೊಠಡಿಯಲ್ಲಿ ಕಲಿತ ನೀತಿ ವಿದ್ಯಾರ್ಥಿಗೆ ಮೈಗೂಡಿದೆಯೇ ಇಲ್ಲವೇ ಎಂಬುದು ಆಟದ ಬಯಲಿನಲ್ಲಿ ಬಹು ಬೇಗ ತಿಳಿದುಬರುತ್ತದೆ. ಸತ್ಯದ ಮಹಿಮೆಯನ್ನು ಕುರಿತು ಪುಟಗಟ್ಟಲೆ ಪ್ರಬಂಧ ಬರೆದವನೇ, ಗೆರೆಯಾಚೆ ಬಿದ್ದ ಚೆಂಡು ಗೆರೆಯೊಳಗೇ ಬಿತ್ತೆಂದು ವಾದಿಸುವುದುಂಟು. ಗೆಲ್ಲಬೇಕೆಂಬ ಹಂಬಲ ಸಹಜವಾದುದು, ತಪ್ಪೂ ಅಲ್ಲ. ಆದರೆ ಆ ಹಂಬಲ ಎಲ್ಲಿ ನಿಲ್ಲಬೇಕು, ಯಾವುದನ್ನು ಬಿಟ್ಟುಕೊಡಬಾರದು ಎಂಬ ವಿವೇಕವನ್ನು ಕಲಿಸುವುದು ಕಷ್ಟ. ಈ ವಿವೇಕವನ್ನು ಮಾತಿಗಿಂತ ಹೆಚ್ಚಾಗಿ ನಡೆಯಿಂದ ತೋರಿಸಿಕೊಟ್ಟವರಲ್ಲಿ ಸ್ಕಾಟ್‌ಲೆಂಡಿನ ಓಟಗಾರರೂ ಅಧ್ಯಾಪಕರೂ ಆಗಿದ್ದ ಎರಿಕ್ ಲಿಡೆಲ್ ಅವರು ಸ್ಮರಣಾರ್ಹರು.

ಲಿಡೆಲ್ ಅವರು 1902ನೆಯ ಇಸವಿ ಜನವರಿ 16ರಂದು ಉತ್ತರ ಚೀನದ ಟಿಯೆನ್‌ಸಿನ್ ನಗರದಲ್ಲಿ ಜನಿಸಿದರು. ತಂದೆತಾಯಿಗಳು ಲಂಡನ್ ಮಿಷನರಿ ಸೊಸೈಟಿಯ ಸೇವೆಯಲ್ಲಿದ್ದ ಕ್ರೈಸ್ತ ಧರ್ಮೋಪದೇಶಕರು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ನಮ್ಮ ಬಳ್ಳಾರಿಯಲ್ಲಿ ಕೇಂದ್ರ ತೆರೆದ ಸಂಸ್ಥೆಯೂ ಇದೇ. ಆರರ ಎಳೆಯ ಪ್ರಾಯದಲ್ಲಿ ಎರಿಕ್‌ರನ್ನೂ ಅವರ ಅಣ್ಣ ರಾಬರ್ಟ್‌ರನ್ನೂ ಲಂಡನ್ ಬಳಿಯ ಒಂದು ವಸತಿಶಾಲೆಗೆ ಸೇರಿಸಲಾಯಿತು. ಮಿಷನರಿಗಳ ಗಂಡುಮಕ್ಕಳಿಗೆಂದೇ ನಡೆಯುತ್ತಿದ್ದ ಆ ಶಾಲೆ ಮುಂದೆ ಎಲ್ತಮ್ ಕಾಲೇಜ್ ಎಂದು ಹೆಸರಾಯಿತು. ತಂದೆತಾಯಿಗಳು ಕಡಲಾಚೆ, ಮಕ್ಕಳು ಶಾಲೆಯ ಆಶ್ರಯದಲ್ಲಿ. ಬಾಲ್ಯದ ಈ ಅಗಲಿಕೆಯ ನೋವನ್ನು ಬಲ್ಲವರಾದುದರಿಂದಲೇ ಏನೋ, ಮುಂದೆ ಅವರು ಹೆತ್ತವರಿಂದ ದೂರವಾದ ಮಕ್ಕಳಿಗೆ ಆಸರೆಯಾದರು. ಆ ಶಾಲೆಯಲ್ಲಿ ಅವರು ಕ್ರಿಕೆಟ್ ಮತ್ತು ರಗ್ಬಿ ತಂಡಗಳೆರಡಕ್ಕೂ ನಾಯಕರಾದರು.

1920ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ವಿಜ್ಞಾನ ವ್ಯಾಸಂಗಕ್ಕೆ ಸೇರಿದರು. ಮರುವರ್ಷದ ವಿಶ್ವವಿದ್ಯಾಲಯ ಕ್ರೀಡಾಕೂಟದಲ್ಲಿ ಅವರ ಓಟ ಎಲ್ಲರ ಗಮನ ಸೆಳೆಯಿತು. ಓಟದ ಭಂಗಿ ನೋಡಲು ಸೊಗಸಾದುದಲ್ಲ. ತಲೆ ಹಿಂದಕ್ಕೆ ವಾಲಿ, ಬಾಯಿ ತೆರೆದು, ತೋಳುಗಳು ಗಾಳಿಯನ್ನು ಬಡಿಯುತ್ತಿದ್ದವು. ಆದರೂ ಅವರನ್ನು ಹಿಂದಿಕ್ಕುವವರು ವಿರಳ. 1922 ಮತ್ತು 1923ರಲ್ಲಿ ಸ್ಕಾಟ್‌ಲೆಂಡಿನ ರಗ್ಬಿ ತಂಡದಲ್ಲಿ ಏಳು ಅಂತರರಾಷ್ಟ್ರೀಯ ಪಂದ್ಯಗಳನ್ನು ಆಡಿದರು. ಬಳಿಕ ರಗ್ಬಿಯನ್ನು ಬಿಟ್ಟು ಓಟಕ್ಕೇ ಮನಸ್ಸು ಕೊಟ್ಟರು.

ಅಂದಿನ ಓಟಗಾರರು ಇದ್ದಿಲಬೂದಿ ಹಾಸಿದ ಪಥದಲ್ಲಿ ಓಡುತ್ತಿದ್ದರು. ಹೊರಡುವಾಗ ಪಾದ ಊರಿಕೊಳ್ಳಲು ಪ್ರತಿಯೊಬ್ಬನೂ ಚಿಕ್ಕ ಕರಣೆಯಿಂದ ನೆಲದಲ್ಲಿ ಕುಳಿ ತೋಡಿಕೊಳ್ಳಬೇಕಾಗಿತ್ತು. ಲಿಡೆಲ್ ಅವರು ತಮ್ಮ ಕುಳಿ ತೋಡಿಕೊಂಡ ಮೇಲೆ ಕರಣೆಯನ್ನು ಪ್ರತಿಸ್ಪರ್ಧಿಗಳಿಗೆ ಕೊಡುತ್ತಿದ್ದರು. ಓಟಕ್ಕೆ ಮುನ್ನ ಎಲ್ಲರ ಬಳಿಗೂ ಹೋಗಿ ಕೈಕುಲುಕಿ ಶುಭ ಕೋರುತ್ತಿದ್ದರು. ಇವು ಸಣ್ಣ ಸಂಗತಿಗಳೆಂದು ತೋರಬಹುದು. ಆದರೆ ಎದುರಾಳಿಯನ್ನು ಶತ್ರುವೆಂದು ಎಣಿಸದ ಮನೋಧರ್ಮ ಇಂಥ ಸಣ್ಣ ನಡವಳಿಕೆಗಳಲ್ಲಿಯೇ ವ್ಯಕ್ತವಾಗುತ್ತದೆ.

1923ರ ಜುಲೈ ತಿಂಗಳಲ್ಲಿ ಇಂಗ್ಲೆಂಡಿನ ಸ್ಟೋಕ್ ಪಟ್ಟಣದಲ್ಲಿ ಇಂಗ್ಲೆಂಡ್, ಐರ್ಲೆಂಡ್, ಸ್ಕಾಟ್‌ಲೆಂಡ್‌ಗಳ ನಡುವೆ ಕ್ರೀಡಾಕೂಟ ನಡೆಯಿತು. 440 ಗಜಗಳ ಓಟ ಆರಂಭವಾದ ಕೆಲವೇ ಹೆಜ್ಜೆಗಳಲ್ಲಿ ಮತ್ತೊಬ್ಬ ಓಟಗಾರನ ಕಾಲು ತಗುಲಿ ಲಿಡೆಲ್ ಪಥದ ಹೊರಗೆ ಬಿದ್ದರು. ಅವರು ಮೇಲೇಳುವಷ್ಟರಲ್ಲಿ ಉಳಿದವರು ಸುಮಾರು 20 ಗಜ ಮುಂದಿದ್ದರು. ತೀರ್ಪುಗಾರರಲ್ಲಿ ದೂರು ಹೇಳಲು ಕಾರಣವಿತ್ತು. ಓಟವನ್ನು ಬಿಟ್ಟು ನಿಂತಿದ್ದರೂ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಅವರು ಎದ್ದು ಓಡಿದರು. ಒಬ್ಬೊಬ್ಬರನ್ನೇ ದಾಟಿ ಗೆದ್ದು, ಗೆರೆ ಮುಟ್ಟಿದೊಡನೆ ಕುಸಿದರು.

ಪ್ಯಾರಿಸ್ ಒಲಿಂಪಿಕ್ ಕ್ರೀಡೆಗಳು 1924ರಲ್ಲಿ ನಡೆಯಲಿದ್ದವು. 100 ಮೀಟರ್ ಓಟದಲ್ಲಿ ಬ್ರಿಟನ್ನಿನ ಜನ ಲಿಡೆಲ್ ಅವರ ಮೇಲೆ ಬಹಳ ನಿರೀಕ್ಷೆ ಇಟ್ಟಿದ್ದರು. ಆದರೆ ಆ ಓಟದ ಪ್ರಾಥಮಿಕ ಸುತ್ತುಗಳು ಜುಲೈ 6ರ ಭಾನುವಾರಕ್ಕೆ ನಿಗದಿಯಾಗಿದ್ದವು. ಭಾನುವಾರ ಪ್ರಾರ್ಥನೆಗೂ ವಿಶ್ರಾಂತಿಗೂ ಮೀಸಲೆಂಬುದು ಅವರು ಬಾಲ್ಯದಿಂದ ನಡೆಸಿಕೊಂಡು ಬಂದ ನೇಮ. ಓಡುವುದಿಲ್ಲವೆಂದು ತಿಳಿಸಿಬಿಟ್ಟರು. ಅದೇ ಕಾರಣದಿಂದ ಎರಡು ರಿಲೇ ಓಟಗಳನ್ನೂ ತ್ಯಜಿಸಿದರು. 1981ರಲ್ಲಿ ತೆರೆಕಂಡ ‘ಚಾರಿಯಟ್ಸ್ ಆಫ್ ಫೈರ್’ ಚಲನಚಿತ್ರ ಅವರ ಕಥೆಯನ್ನು ಲೋಕಪ್ರಸಿದ್ಧಗೊಳಿಸಿತು. ಹಡಗು ಹತ್ತುವ ವೇಳೆಯಲ್ಲಿ ಅವರಿಗೆ ಈ ವಿಷಯ ತಿಳಿಯಿತೆಂದು ಚಿತ್ರದಲ್ಲಿ ತೋರಿಸಲಾಗಿದೆ. ವಾಸ್ತವದಲ್ಲಿ ತಿಂಗಳುಗಳ ಮೊದಲೇ ವೇಳಾಪಟ್ಟಿ ತಿಳಿದಿತ್ತು. ಆದುದರಿಂದ ಅದು ಕ್ಷಣದ ಆವೇಶದ ನಿರ್ಧಾರವಲ್ಲ; ಟೀಕೆಗಳನ್ನು ಕೇಳುತ್ತ, ತಮಗೆ ಅಷ್ಟಾಗಿ ರೂಢಿಯಿಲ್ಲದ 400 ಮೀಟರ್ ಓಟಕ್ಕೆ ಸಿದ್ಧರಾಗುತ್ತ ಅವರು ತಿಂಗಳುಗಟ್ಟಲೆ ಪಾಲಿಸಿದ ನಿರ್ಧಾರ. ಭಾನುವಾರ ಓಡಿದವರನ್ನು ಅವರು ಹೀಗಳೆಯಲಿಲ್ಲ. ನೇಮ ತಮ್ಮದು, ಅದರಿಂದಾಗುವ ನಷ್ಟವೂ ತಮ್ಮದೇ ಎಂದು ತಿಳಿದಿದ್ದರು.

100 ಮೀಟರ್ ಓಟದಲ್ಲಿ ಅವರ ದೇಶದವರೇ ಆದ ಹೆರಾಲ್ಡ್ ಏಬ್ರಹಾಮ್ಸ್ ಸ್ವರ್ಣಪದಕ ಗೆದ್ದರು. 200 ಮೀಟರ್ ಓಟದಲ್ಲಿ ಲಿಡೆಲ್ ಮೂರನೆಯವರಾದರು. ಜುಲೈ 11ರಂದು ನಡೆದ 400 ಮೀಟರ್ ಅಂತಿಮ ಓಟದಲ್ಲಿ ಅವರಿಗೆ ದೊರೆತದ್ದು ಹೊರ ಅಂಚಿನ ಪಥ. ಅಲ್ಲಿಂದ ಎದುರಾಳಿಗಳು ಕಾಣುವಂತಿರಲಿಲ್ಲ. ಎಂದಿನಂತೆ ಎಲ್ಲರ ಕೈಕುಲುಕಿ ಬಂದು ನಿಂತರು. ಮೊದಲ ಅರ್ಧವನ್ನೇ ಅಲ್ಪದೂರದ ಓಟದಂತೆ ಓಡಿದಾಗ, ಈ ವೇಗ ಕೊನೆಯವರೆಗೆ ಉಳಿಯಲಾರದೆಂದು ನೋಡುಗರು ಎಣಿಸಿದರು. ಅವರ ವೇಗ ಕುಂದಲಿಲ್ಲ. 47.6 ಸೆಕೆಂಡುಗಳಲ್ಲಿ ಗುರಿ ಮುಟ್ಟಿ ಹೊಸ ದಾಖಲೆಯೊಡನೆ ಸ್ವರ್ಣಪದಕ ಪಡೆದರು.

ಕೆಲವೇ ದಿನಗಳಲ್ಲಿ ಎಡಿನ್‌ಬರೋದಲ್ಲಿ ಪದವಿ ಪ್ರದಾನ ನಡೆಯಿತು. ವಿಶ್ವವಿದ್ಯಾಲಯದವರು ಗ್ರೀಕರ ಪದ್ಧತಿಯನ್ನು ನೆನೆದು ಅವರ ಶಿರಕ್ಕೆ ಎಲೆಗಳ ಕಿರೀಟ ತೊಡಿಸಿ ಗೌರವಿಸಿದರು. ಸಹಪಾಠಿಗಳು ಬೀದಿಯಲ್ಲಿ ಹೆಗಲ ಮೇಲೆ ಹೊತ್ತು ಮೆರೆಸಿದರು. ಆ ಸನ್ಮಾನದ ನಡುವೆ ಲಿಡೆಲ್ ಅವರು ಗೆಲುವಿನ ಮಾತಾಡಲಿಲ್ಲ. ಅಮೆರಿಕದ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದಲ್ಲಿ ತಾವು ಕಂಡ ಒಂದು ಬರಹವನ್ನು ಸ್ಮರಿಸಿ, ಶಕ್ತಿಮೀರಿ ದುಡಿದವನಿಗೆ ಸೋಲಿನ ಧೂಳಿನಲ್ಲಿಯೂ ಗೌರವವುಂಟೆಂಬ ಅದರ ತಾತ್ಪರ್ಯವನ್ನು ನೆರೆದವರ ಮುಂದಿಟ್ಟರು.

ಕೀರ್ತಿಯ ಶಿಖರದಲ್ಲಿದ್ದಾಗಲೇ, 1925ರಲ್ಲಿ, ಅವರು ಸ್ಪರ್ಧೆಗಳಿಗೆ ಬೆನ್ನು ಹಾಕಿ ಟಿಯೆನ್‌ಸಿನ್‌ಗೆ ಮರಳಿದರು. ಅಲ್ಲಿಯ ಆಂಗ್ಲೋ-ಚೈನೀಸ್ ಕಾಲೇಜಿನಲ್ಲಿ ವಿಜ್ಞಾನ ಬೋಧಿಸುತ್ತ, ಸಂಜೆ ವಿದ್ಯಾರ್ಥಿಗಳನ್ನು ಆಟದಲ್ಲಿ ತರಬೇತುಗೊಳಿಸುತ್ತ ಹನ್ನೆರಡು ವರ್ಷಗಳ ಕಾಲ ನೆಲೆನಿಂತರು. 1934ರಲ್ಲಿ ಫ್ಲಾರೆನ್ಸ್ ಮೆಕೆಂಜಿ ಅವರನ್ನು ವಿವಾಹವಾದರು. 1937ರಿಂದ ಬರಗಾಲ, ಯುದ್ಧಗಳಿಂದ ನಲುಗಿದ ಸಿಯಾವ್‌ಚಾಂಗ್ ಪ್ರದೇಶದ ಹಳ್ಳಿಗಳಲ್ಲಿ ಸೇವೆ ಸಲ್ಲಿಸಿದರು. ಅವರ ಅಣ್ಣ ಅಲ್ಲಿ ವೈದ್ಯರಾಗಿದ್ದರು. ಯುದ್ಧದ ಭೀತಿ ಹೆಚ್ಚಿದಾಗ, 1941ರಲ್ಲಿ, ಗರ್ಭಿಣಿ ಪತ್ನಿಯನ್ನೂ ಇಬ್ಬರು ಹೆಣ್ಣುಮಕ್ಕಳನ್ನೂ ಕೆನಡಕ್ಕೆ ಕಳುಹಿಸಿ ತಾವು ಕರ್ತವ್ಯದಲ್ಲಿ ಉಳಿದರು. ಅಲ್ಲಿ ಹುಟ್ಟಿದ ಮೂರನೆಯ ಮಗಳ ಮುಖವನ್ನು ನೋಡುವ ಭಾಗ್ಯ ಅವರಿಗೆ ಒದಗಲಿಲ್ಲ.

1943ರಲ್ಲಿ ಜಪಾನೀಯರು ಅವರನ್ನು ಶಾಂಡೋಂಗ್ ಪ್ರಾಂತದ ವೈಸಿಯೆನ್ ಬಂಧನ ಶಿಬಿರಕ್ಕೆ ಒಯ್ದರು. ಸಾವಿರಕ್ಕೂ ಮೇಲ್ಪಟ್ಟ ವಿದೇಶೀಯರನ್ನು ಕೂಡಿಟ್ಟಿದ್ದ ಆ ಇಕ್ಕಟ್ಟಾದ ಆವರಣದಲ್ಲಿ ಶಾಲೆಯೊಂದರ ನೂರಾರು ಮಕ್ಕಳೂ ಇದ್ದರು; ಅವರಲ್ಲಿ ಅನೇಕರ ತಂದೆತಾಯಿಗಳು ಬೇರೆಲ್ಲೋ ಇದ್ದರು. ಲಿಡೆಲ್ ಅವರು ಈ ಮಕ್ಕಳಿಗೆ ಗಣಿತ, ವಿಜ್ಞಾನ ಕಲಿಸಿದರು, ಮುರಿದ ಹಾಕಿ ಕೋಲುಗಳನ್ನು ತಮ್ಮ ಹಳೆಯ ಬಟ್ಟೆಯ ಪಟ್ಟಿಗಳಿಂದ ಬಿಗಿದು ಸರಿಪಡಿಸಿದರು, ಆಟಗಳನ್ನು ಏರ್ಪಡಿಸಿದರು. ಮಕ್ಕಳ ಪಾಲಿಗೆ ಅವರು ಎರಿಕ್ ಮಾಮ ಆದರು.

ಶಿಬಿರದಲ್ಲಿಯೂ ಭಾನುವಾರ ಆಟ ನಡೆಸಲು ಅವರು ಮೊದಲು ಒಪ್ಪಲಿಲ್ಲ. ಬೇಸತ್ತ ಹುಡುಗರು ಒಂದು ಭಾನುವಾರ ತಾವಾಗಿಯೇ ಹಾಕಿ ಆಡಿದರು. ತೀರ್ಪುಗಾರರಿಲ್ಲದ ಆಟ ಹೊಡೆದಾಟದಲ್ಲಿ ಮುಗಿಯಿತು. ಲಿಡೆಲ್ ಅವರು ಹುಡುಗರನ್ನು ನೀತಿಬೋಧೆಯಿಂದ ದಂಡಿಸಲಿಲ್ಲ. ಮುಂದಿನ ಭಾನುವಾರ ತಾವೇ ಬಯಲಿಗೆ ಬಂದು ತೀರ್ಪುಗಾರರಾಗಿ ನಿಂತರು.

ಒಲಿಂಪಿಕ್ ಪದಕದ ಅವಕಾಶಕ್ಕಾಗಿ, ದೇಶದ ಜನರ ಒತ್ತಾಯಕ್ಕಾಗಿ ಸಡಿಲಿಸದಿದ್ದ ನೇಮವನ್ನು ಅವರು ಮುಳ್ಳುತಂತಿಯೊಳಗಿನ ಮಕ್ಕಳಿಗಾಗಿ ಸಡಿಲಿಸಿದರು. ಇದನ್ನು ವ್ರತಭಂಗವೆನ್ನುವುದು ಸಲ್ಲದು. ಪ್ಯಾರಿಸಿನಲ್ಲಿ ನೇಮವನ್ನು ಬಿಟ್ಟಿದ್ದರೆ ಲಾಭ ಅವರದಾಗುತ್ತಿತ್ತು. ವೈಸಿಯೆನ್ನಿನಲ್ಲಿ ನೇಮವನ್ನೇ ಹಿಡಿದು ಕುಳಿತಿದ್ದರೆ ನಷ್ಟ ಮಕ್ಕಳದಾಗುತ್ತಿತ್ತು. ಸ್ವಂತ ಲಾಭದ ಮುಂದೆ ಕಠಿಣವಾಗಿ ನಿಂತ ಅದೇ ಮನಸ್ಸು ಪರರ ಹಿತದ ಮುಂದೆ ಮೃದುವಾಯಿತು.

ಮಿದುಳಿನಲ್ಲಿ ಬೆಳೆದ ಗಡ್ಡೆಯಿಂದ ಅವರು 1945ರ ಫೆಬ್ರವರಿ 21ರಂದು ಶಿಬಿರದಲ್ಲಿಯೇ ಕಾಲವಶರಾದರು. ಆಗ ಅವರಿಗೆ 43 ವರ್ಷ. ಅದಕ್ಕೆ ಸ್ವಲ್ಪ ಮುಂಚೆ, ಸವೆದು ಹೊಲಿಗೆ ಹಾಕಿದ್ದ ತಮ್ಮ ಓಟದ ಬೂಟುಗಳನ್ನು ಚಳಿಯಲ್ಲಿ ಪಾದರಕ್ಷೆಯಿಲ್ಲದ ಹುಡುಗನೊಬ್ಬನಿಗೆ ಕೊಟ್ಟಿದ್ದರು. ಆರು ತಿಂಗಳ ಬಳಿಕ, ಆಗಸ್ಟ್‌ನಲ್ಲಿ, ಶಿಬಿರಕ್ಕೆ ಬಿಡುಗಡೆಯಾಯಿತು. 1991ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯದವರು ಸ್ಕಾಟ್‌ಲೆಂಡಿನ ಮಲ್ ದ್ವೀಪದ ಕಲ್ಲನ್ನು ತರಿಸಿ ಆ ಸ್ಥಳದಲ್ಲಿ ಸ್ಮಾರಕ ನಿಲ್ಲಿಸಿದರು.

ಪಾಠಶಾಲೆಗಳ ಕ್ರೀಡಾಕೂಟಗಳಲ್ಲಿ ಗೆದ್ದವರ ಹೆಸರುಗಳು ಫಲಕದ ಮೇಲೆ ಬರೆಯಲ್ಪಡುತ್ತವೆ. ಕರಣೆಯನ್ನು ಎದುರಾಳಿಗೆ ಕೊಟ್ಟವನ ಹೆಸರಿಗೆ, ಬಿದ್ದು ಎದ್ದು ದೂರದೆ ಓಡಿದವನ ಹೆಸರಿಗೆ ಅಲ್ಲಿ ಸ್ಥಳವಿರುವುದಿಲ್ಲ. ಅಂಥ ವಿದ್ಯಾರ್ಥಿಯನ್ನು ಗುರುತಿಸಿ ಬೆನ್ನು ತಟ್ಟುವ ಹೊಣೆ ಬಯಲಿನ ಅಂಚಿನಲ್ಲಿ ನಿಂತಿರುವ ಅಧ್ಯಾಪಕರದು.