ಗ್ರಾಮಫೋನ್ ತಟ್ಟೆಯ ಆಚೆಗೆ ಹಾಡಿದ ಕುಮಾರ ಗಂಧರ್ವ

ಕೆಲವು ತಿಂಗಳ ಹಿಂದೆ ನಮ್ಮೂರು ಕೊಣ್ಣೂರಿನ ಒಂದು ಸಮಾರಂಭದಲ್ಲಿ ಹತ್ತು ವರ್ಷದ ಬಾಲಕನೊಬ್ಬ ಹಾಡಿದ. ಮೊಬೈಲ್ ಫೋನಿನಲ್ಲಿ ಕೇಳಿ ಕಲಿತ ಹಾಡು. ಮೂಲ ಗಾಯಕ ಎಲ್ಲಿ ದನಿಯನ್ನು ನಡುಗಿಸಿದ್ದನೋ ಅಲ್ಲಿಯೇ ಇವನ ದನಿಯೂ ನಡುಗಿತು. ಅವನು ಎಲ್ಲಿ ನಿಲ್ಲಿಸಿದ್ದನೋ ಅಲ್ಲಿಯೇ ಇವನೂ ನಿಲ್ಲಿಸಿದ. ಸಭೆ ಬೆರಗಾಯಿತು. ಕಾರ್ಯಕ್ರಮ ಮುಗಿದ ಮೇಲೆ ಹುಡುಗನ ತಂದೆ ನನ್ನ ಬಳಿ ಬಂದು, ಮಗನನ್ನು ಟಿ.ವಿ.ಯ ಗಾಯನ ಸ್ಪರ್ಧೆಗೆ ಕಳಿಸಬೇಕೆಂದಿರುವುದಾಗಿ ಹೇಳಿ ನನ್ನ ಅಭಿಪ್ರಾಯ ಕೇಳಿದರು. ನಾನು ಸಂಗೀತಗಾರನಲ್ಲ, ಕೇಳುಗ ಮಾತ್ರ. ಆ ಹೊತ್ತಿಗೆ ಏನೂ ಹೇಳಲಾಗಲಿಲ್ಲ. ಆದರೆ ಇದೇ ಜಿಲ್ಲೆಯಲ್ಲಿ ಹುಟ್ಟಿ, ಇದೇ ಬಗೆಯಲ್ಲಿ ಸಭೆಗಳನ್ನು ಬೆರಗುಗೊಳಿಸಿದ್ದ ಇನ್ನೊಬ್ಬ ಬಾಲಕನ ಕಥೆ ಮನಸ್ಸಿಗೆ ಬಂತು.

ಗೋಕಾಕ ರೋಡ್ ನಿಲ್ದಾಣದಲ್ಲಿ ಬೆಳಗಾವಿಯ ಕಡೆಗೆ ಹೋಗುವ ರೈಲು ಹತ್ತಿದರೆ, ಪಾಶ್ಚಾಪುರ ದಾಟಿದ ಮೇಲೆ ಸುಳೇಭಾವಿ ಎಂಬ ಸಣ್ಣ ನಿಲ್ದಾಣ ಸಿಗುತ್ತದೆ. ಆ ಊರಿನಲ್ಲಿ 1924ರ ಏಪ್ರಿಲ್ 8ರಂದು, ಕನ್ನಡ ಮಾತಾಡುವ ಲಿಂಗಾಯತ ಮನೆತನವೊಂದರಲ್ಲಿ, ಶಿವಪುತ್ರ ಸಿದ್ಧರಾಮಯ್ಯ ಕೋಮಕಾಳಿಮಠ ಹುಟ್ಟಿದರು. ತಂದೆಯವರಿಗೂ ಹಾಡುಗಾರಿಕೆಯಲ್ಲಿ ಒಲವಿತ್ತು. ಆದರೆ ಶಿವಪುತ್ರನ ಮೊದಲ ನಿಜವಾದ ಗುರು ಮನುಷ್ಯನಲ್ಲ, ಗ್ರಾಮಫೋನು.

ಆಗಿನ 78 ಸುತ್ತಿನ ತಟ್ಟೆಯ ಒಂದು ಬದಿಯಲ್ಲಿ ಹಿಡಿಸುತ್ತಿದ್ದುದು ಮೂರು ನಿಮಿಷದ ಸಂಗೀತ, ಹೆಚ್ಚೆಂದರೆ ಇನ್ನು ಸ್ವಲ್ಪ. ಬೈಠಕ್ಕಿನಲ್ಲಿ ಒಂದು ರಾಗವನ್ನು ಒಂದು ಗಂಟೆ ಬೆಳೆಸುತ್ತಿದ್ದ ಉಸ್ತಾದರು ಅದರ ಸಾರವನ್ನೆಲ್ಲ ಆ ಮೂರು ನಿಮಿಷಕ್ಕೆ ಇಳಿಸಬೇಕಾಗಿತ್ತು. ಅಬ್ದುಲ್ ಕರೀಮ್ ಖಾನ್, ರಾಮಕೃಷ್ಣಬುವಾ ವಝೆ ಮೊದಲಾದವರ ತಟ್ಟೆಗಳನ್ನು ಕೇಳಿದ ಹುಡುಗ ಅವನ್ನು ಆಲಾಪ, ತಾನು, ಧ್ವನಿಯ ಬಾಗು ಬಳುಕುಗಳ ಸಮೇತ ಹಾಗೆಯೇ ಮರಳಿ ಹಾಡಿಬಿಡುತ್ತಿದ್ದ. ಸ್ವರಗಳ ಹೆಸರು ತಿಳಿಯುವ ಮೊದಲೇ ಸ್ವರಗಳು ಅವನ ಗಂಟಲಿಗೆ ಬಂದಿದ್ದವು. ಅದನ್ನು ಕೇಳಿ ಮೆಚ್ಚಿದ ಸ್ವಾಮೀಜಿಯೊಬ್ಬರು ಕುಮಾರ ಗಂಧರ್ವ ಎಂಬ ಬಿರುದು ಕೊಟ್ಟರು. ಮುಂದೆ ಹುಟ್ಟುಹೆಸರು ಮರೆಯಾಗಿ ಬಿರುದೇ ಹೆಸರಾಯಿತು. ಬಾಲಕನ ಕಛೇರಿಗಳು ಊರೂರುಗಳಲ್ಲಿ ನಡೆದವು. ಜನ ಸೇರುತ್ತಿದ್ದರು, ಹಣವೂ ಬರುತ್ತಿತ್ತು. ಇಂದಿನ ಮಾತಿನಲ್ಲಿ ಹೇಳುವುದಾದರೆ ಆ ಹುಡುಗ ಅಂದಿನ ರಿಯಾಲಿಟಿ ಶೋ ತಾರೆ.

1936ರಲ್ಲಿ ಮುಂಬಯಿಯ ಜಿನ್ನಾ ಹಾಲ್‌ನಲ್ಲಿ ನಡೆದ ಸಂಗೀತ ಸಮಾರಂಭದಲ್ಲಿ ಹನ್ನೊಂದು ಹನ್ನೆರಡರ ಈ ಬಾಲಕ ಹಾಡಿದಾಗ ಮಹಾನಗರದ ರಸಿಕರೂ ಉಸ್ತಾದರೂ ಅಚ್ಚರಿಯಿಂದ ಕೇಳಿದರು. ಅದನ್ನು ಏರ್ಪಡಿಸಿದ್ದವರು ಪ್ರೊ. ಬಿ.ಆರ್. ದೇವಧರ. ಮಿರಜದಿಂದ ಬಂದವರು, ವಿಷ್ಣು ದಿಗಂಬರ ಪಲುಸ್ಕರರ ಶಿಷ್ಯರು, ಮುಂಬಯಿಯಲ್ಲಿ ಸಂಗೀತಶಾಲೆ ನಡೆಸುತ್ತಿದ್ದವರು. ಆ ವರ್ಷದಿಂದ ಕುಮಾರರು ಅವರ ವಿದ್ಯಾರ್ಥಿಯಾದರು. ಜಾತ್ರೆಯ ಅಚ್ಚರಿಯಂತೆ ಊರು ಸುತ್ತುವ ಬದುಕಿನಿಂದ ಹುಡುಗ ಶಾಲೆಯ ಚಾಪೆಯ ಮೇಲೆ ಬಂದು ಕುಳಿತ. ಸುಮಾರು ಹನ್ನೊಂದು ವರ್ಷಗಳ ಆ ಕಲಿಕೆಯೇ ಅವರ ಬದುಕಿನ ಮೊದಲ ತಿರುವು.

ದೇವಧರರು ಸಂಗೀತದ ಬಗ್ಗೆ ಮಡಿ ಮಾಡಿದವರಲ್ಲ. ಬೇರೆ ಬೇರೆ ಘರಾನೆಗಳ ಬಂದಿಶ್‌ಗಳನ್ನು ಉಸ್ತಾದರ ಮನೆಬಾಗಿಲಿಗೆ ಹೋಗಿ ಸಂಗ್ರಹಿಸಿದ್ದರು. ಪಾಶ್ಚಾತ್ಯ ಸಂಗೀತವನ್ನೂ ಅಭ್ಯಾಸ ಮಾಡಿದ್ದರು. ಕುಮಾರರು ಅಲ್ಲಿ ಕಲಿತದ್ದು ಹೊಸ ಹಾಡುಗಳನ್ನಷ್ಟೇ ಅಲ್ಲ. ಇನ್ನೊಬ್ಬರು ಹಾಗೇಕೆ ಹಾಡಿದರೆಂದು ಕೇಳಿಕೊಳ್ಳುವುದನ್ನು. ಅಂಜನೀಬಾಯಿ ಮಾಲ್ಪೇಕರರ ಮಾರ್ಗದರ್ಶನವೂ ಅವರಿಗೆ ದೊರೆಯಿತು. ಅನುಕರಣೆ ಎಷ್ಟು ನಿಖರವಾಗಿದ್ದರೂ ಅದು ಪಾಠದ ಮೊದಲ ಪುಟ ಮಾತ್ರವೆಂಬ ಅರಿವು ಆ ಶಾಲೆಯಲ್ಲಿ ಮೂಡಿರಬೇಕು.

ಎರಡನೆಯ ತಿರುವು ಕಠೋರವಾದದ್ದು. 1947ರಲ್ಲಿ ಭಾನುಮತಿಯವರೊಡನೆ ವಿವಾಹವಾಯಿತು. ಅದೇ ಸುಮಾರಿಗೆ ಕುಮಾರರಿಗೆ ಕ್ಷಯ ಅಂಟಿರುವುದು ತಿಳಿಯಿತು. ಒಣ ಹವೆಗಾಗಿ 1948ರ ಜನವರಿಯಲ್ಲಿ ದಂಪತಿಗಳು ಮಾಳವ ಪ್ರಾಂತದ ದೇವಾಸಕ್ಕೆ ಹೋದರು. ವೈದ್ಯರು ಹಾಡಕೂಡದೆಂದರು. ಇಪ್ಪತ್ತನಾಲ್ಕರ ಹರೆಯದ, ದೇಶವೇ ಬಲ್ಲ ಗಾಯಕ ಐದಾರು ವರ್ಷ ಹಾಸಿಗೆಯಲ್ಲಿ ಮೌನವಾಗಿ ಮಲಗಿದರು. ಭಾನುಮತಿ ಶಾಲೆಯಲ್ಲಿ ದುಡಿದು ಸಂಸಾರ ನಡೆಸಿದರು, ಗಂಡನ ಶುಶ್ರೂಷೆ ಮಾಡಿದರು. ಸ್ಟ್ರೆಪ್ಟೊಮೈಸಿನ್ ಎಂಬ ಹೊಸ ಔಷಧ ಭಾರತಕ್ಕೆ ಬರದಿದ್ದರೆ ಈ ಕಥೆ ಅಲ್ಲಿಯೇ ಮುಗಿಯುತ್ತಿತ್ತು. ಔಷಧ ಜೀವವನ್ನು ಉಳಿಸಿತು. ಒಂದು ಶ್ವಾಸಕೋಶ ಮಾತ್ರ ಕೆಲಸಕ್ಕೆ ಬಾರದಂತಾಗಿತ್ತು.

ನಾನು ಕುಮಾರ ಗಂಧರ್ವರನ್ನು ಕೇಳಲು ಕಲಿತದ್ದು ಈ ಕಾಯಿಲೆಯ ಕಾರಣದಿಂದಲೇ. ನಮ್ಮ ಕಾಕಾ ಶಾಲಾ ಮಾಸ್ತರರು. ಅವರೂ ಕ್ಷಯದಿಂದ ಎದ್ದು ಬಂದವರು. ನಾನು ಹೈಸ್ಕೂಲಿನಲ್ಲಿದ್ದ 1970ರ ದಶಕದಲ್ಲಿ ಅವರ ಮನೆಯಲ್ಲಿ ಒಂದು ರೆಕಾರ್ಡ್ ಪ್ಲೇಯರ್, ಹತ್ತು ಹನ್ನೆರಡು ಎಲ್.ಪಿ. ತಟ್ಟೆಗಳು ಇದ್ದವು. ಎಲ್.ಪಿ.ಯ ಒಂದು ಬದಿ ಇಪ್ಪತ್ತು ನಿಮಿಷ ನಡೆಯುತ್ತಿತ್ತು. ಪಾಠ ಹೇಳುವಾಗ ನಾಲ್ಕು ವಾಕ್ಯಕ್ಕೊಮ್ಮೆ ನಿಲ್ಲಬೇಕಾಗಿದ್ದ ಕಾಕಾ, ಕುಮಾರರ ತಟ್ಟೆ ಹಾಕಿದಾಗಲೆಲ್ಲ ನನಗೆ ಹೇಳುತ್ತಿದ್ದುದು ಒಂದೇ: ರಾಗ ತಿಳಿಯದಿದ್ದರೆ ಚಿಂತೆಯಿಲ್ಲ, ಆತ ಎಲ್ಲಿ ಉಸಿರು ತೆಗೆದುಕೊಳ್ಳುತ್ತಾನೆಂಬುದನ್ನು ಗಮನಿಸಬೇಕು. ಗಮನಿಸಿದೆ. ಉದ್ದನೆಯ ತಾನು ಬರಬೇಕಾದ ಕಡೆ ಮಿಂಚಿನಂಥ ತುಣುಕೊಂದು ಬರುತ್ತಿತ್ತು. ಒಂದು ಸ್ವರ ಥಟ್ಟನೆ ಏರಿ ಅಲ್ಲಿಯೇ ಬಿಟ್ಟುಹೋಗುತ್ತಿತ್ತು. ಆಮೇಲೆ ಮೌನ, ತಂಬೂರಿಗಳು ಮಾತ್ರ ಆ ಸ್ವರವನ್ನು ಮುಂದುವರಿಸುತ್ತಿದ್ದವು. ಉಸಿರಿಲ್ಲದ ಜಾಗವೂ ಹಾಡಿನ ಭಾಗವೇ ಎಂದು ತಿಳಿಯಲು ನನಗೆ ವರ್ಷಗಳು ಹಿಡಿದವು. ಕಾಕಾನಿಗೆ ಅದು ಮೊದಲ ದಿನವೇ ತಿಳಿದಿತ್ತು.

ಹಾಸಿಗೆಯಲ್ಲಿದ್ದ ವರ್ಷಗಳಲ್ಲಿ ಕುಮಾರರು ಹಾಡಲಿಲ್ಲ, ಕೇಳಿದರು. ಮಾಳವದ ಹೆಣ್ಣುಮಕ್ಕಳು ಹಬ್ಬಕ್ಕೆ, ಮದುವೆಗೆ, ಮಳೆಗೆ ಹಾಡುತ್ತಿದ್ದ ಹಾಡುಗಳು ಕಿಟಕಿಯಿಂದ ಒಳಬಂದವು. ನಾಥಪಂಥದ ಸಾಧುಗಳು ಹಾಡುತ್ತಿದ್ದ ಕಬೀರನ ನಿರ್ಗುಣ ಪದಗಳು ಬಂದವು. ಬಾಲ್ಯದಲ್ಲಿ ತಟ್ಟೆಯನ್ನು ಕೇಳಿ ಹಾಡಿದ್ದವರು ಈಗ ತಟ್ಟೆಗೇರದ ಜನರ ದನಿಯನ್ನು ಕೇಳಿದರು. 1950ರ ದಶಕದ ಆರಂಭದಲ್ಲಿ ಮತ್ತೆ ವೇದಿಕೆ ಏರಿದಾಗ ಅವರ ಗಂಟಲಿನಲ್ಲಿ ಯಾರ ಅನುಕರಣೆಯೂ ಉಳಿದಿರಲಿಲ್ಲ. ಜಾನಪದ ಧಾಟಿಗಳೊಳಗೆ ಅಡಗಿದ್ದ ಬೀಜಗಳಿಂದ ಮಾಲವತಿ, ಲಗನಗಂಧಾರ, ಸಂಜಾರಿ, ಸಹೇಲಿ ತೋಡಿಯಂಥ ಹೊಸ ರಾಗಗಳನ್ನು ಬೆಳೆಸಿದರು. ತಮ್ಮ ರಚನೆಗಳನ್ನು 1965ರಲ್ಲಿ ಅನೂಪರಾಗವಿಲಾಸ ಎಂಬ ಗ್ರಂಥದಲ್ಲಿ ಪ್ರಕಟಿಸಿದರು. ಗಾಂಧೀಜಿಯ ಜನ್ಮಶತಾಬ್ದಿಗೆ ಗಾಂಧಿ ಮಲ್ಹಾರ ರಚಿಸಿದರು.

ಎಲ್ಲರೂ ಒಪ್ಪಲಿಲ್ಲ. ವಿಲಂಬಿತ ಖ್ಯಾಲಿನ ಕ್ರಮಬದ್ಧ ಬೆಳವಣಿಗೆಯನ್ನು ಅವರು ಕಡೆಗಣಿಸಿದರು, ಘರಾನೆಯ ಶಿಸ್ತನ್ನು ಮುರಿದರು ಎಂಬ ಆಕ್ಷೇಪ ಕೊನೆಯವರೆಗೂ ಇತ್ತು. ಕಿರಾನಾ, ಜೈಪುರ ಗಾಯಕಿಗಳಲ್ಲಿ ಪಳಗಿದ ಧಾರವಾಡದ ಕಿವಿಗಳಿಗೆ ಅವರ ಹಾಡು ಆಗಾಗ ತುಂಡು ತುಂಡಾಗಿ ಕೇಳಿಸಿದ್ದರೆ ಆಶ್ಚರ್ಯವಿಲ್ಲ. ಆ ಆಕ್ಷೇಪದಲ್ಲಿ ಸತ್ಯಾಂಶವಿಲ್ಲವೆಂದು ನಾನು ಹೇಳಲಾರೆ. ಮಲ್ಲಿಕಾರ್ಜುನ ಮನಸೂರರು ಒಂದೇ ಉಸಿರಿನಲ್ಲಿ ಕಟ್ಟುತ್ತಿದ್ದ ಗೋಪುರವನ್ನು ಕುಮಾರರಲ್ಲಿ ಹುಡುಕಿದರೆ ನಿರಾಶೆಯೇ ಆಗುತ್ತದೆ. ಆದರೆ ತನ್ನ ಬಳಿ ಉಳಿದ ಉಸಿರಿಗೆ ತಕ್ಕ ಮನೆಯನ್ನು ಕಟ್ಟಿಕೊಂಡವನನ್ನು, ಗೋಪುರ ಕಟ್ಟಲಿಲ್ಲವೆಂದು ದೂರುವುದು ನ್ಯಾಯವೇ?

1961ರಲ್ಲಿ ಭಾನುಮತಿ ಹೆರಿಗೆಯ ಸಮಯದಲ್ಲಿ ತೀರಿಕೊಂಡರು. ಮುಂದೆ ಕುಮಾರರನ್ನು ವರಿಸಿದ ವಸುಂಧರಾ ಅವರು ಜೀವನದಲ್ಲಿಯೂ ವೇದಿಕೆಯಲ್ಲಿಯೂ ಜೊತೆಯಾದರು. ಆನಂತರದ ದಶಕಗಳು ಧ್ವನಿಮುದ್ರಿಕೆಗಳ ದೃಷ್ಟಿಯಿಂದ ಸಮೃದ್ಧವಾದವು: ರಾಗಗಳು, ಋತುಗಳನ್ನು ಕುರಿತ ಗೀತೆಗಳು, ಕಬೀರ, ಸೂರದಾಸ, ಮೀರಾ ಭಜನೆಗಳು. ಅವುಗಳಲ್ಲಿ ಒಂದರ ಹೆಸರು ನನಗೆ ಮುಖ್ಯವೆನಿಸುತ್ತದೆ. ಮರಾಠಿ ರಂಗಭೂಮಿಯ ಮಹಾನಟ ಬಾಲಗಂಧರ್ವರ ಹಾಡುಗಳನ್ನು ಅವರು ತಮ್ಮದೇ ರೀತಿಯಲ್ಲಿ ಹಾಡಿ, ನಾನು ಅರಿತ ಬಾಲಗಂಧರ್ವ ಎಂಬ ಅರ್ಥದ ಮರಾಠಿ ಶೀರ್ಷಿಕೆ ಕೊಟ್ಟರು. ಯಾರನ್ನು ಬೇಕಾದರೂ ಯಥಾವತ್ತಾಗಿ ಹಾಡಿ ತೋರಿಸಬಲ್ಲವರಾಗಿದ್ದ ಕಲಾವಿದರು, ತಾವು ತೀರ ಪ್ರೀತಿಸಿದವರನ್ನು ಮಾತ್ರ ಅನುಕರಿಸದೆ ಅರ್ಥಮಾಡಿಕೊಳ್ಳಲು ಹೊರಟರು. ಸುಳೇಭಾವಿಯ ಬಾಲಕ ಎಷ್ಟು ದೂರ ನಡೆದು ಬಂದಿದ್ದನೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

1980ರ ದಶಕದಲ್ಲಿ ಮನೆಗೆ ಟಿ.ವಿ. ಬಂದ ಮೇಲೆ ಅವರನ್ನು ಕಣ್ಣಾರೆ ಕಂಡೆ. ದೂರದರ್ಶನದಲ್ಲಿ ರಾತ್ರಿ ತಡವಾಗಿ ಬರುವ ಶಾಸ್ತ್ರೀಯ ಸಂಗೀತಕ್ಕೆ ನಮ್ಮ ಓಣಿಯಲ್ಲಿ ಪ್ರೇಕ್ಷಕರು ಕಾಕಾ ಮತ್ತು ನಾನು ಇಬ್ಬರೇ. ಎರಡು ತಂಬೂರಿಗಳ ನಡುವೆ ಕುಳಿತ ಸಣ್ಣ ದೇಹ, ಹಿಂದೆ ವಸುಂಧರಾ. ಸ್ವರವನ್ನು ಗಾಳಿಯಿಂದ ಹೆಕ್ಕಿ ತೆಗೆಯುವಂತೆ ಕೈ ಮೇಲೇಳುತ್ತಿತ್ತು. ತಂಬೂರಿಯ ಶ್ರುತಿಯ ಬಗ್ಗೆ ಅವರಷ್ಟು ಹಠವಿದ್ದ ಗಾಯಕರು ವಿರಳ. 1988ರಲ್ಲಿ ಗದಗಿನ ಭೀಮಸೇನ ಜೋಶಿಯವರ ದನಿ ರಾಷ್ಟ್ರೀಯ ಭಾವೈಕ್ಯದ ಕಿರುಚಿತ್ರದ ಮೂಲಕ ದೇಶದ ಮನೆಮನೆಗೂ ತಲುಪಿತು. ಕುಮಾರರ ಮುಖಕ್ಕೆ ಅಂಥ ಪರಿಚಯ ಒದಗಲಿಲ್ಲ. ಪದ್ಮಭೂಷಣ 1977ರಲ್ಲಿ, ಪದ್ಮವಿಭೂಷಣ 1990ರಲ್ಲಿ ಬಂದವು. 1992ರ ಜನವರಿ 12ರಂದು ದೇವಾಸದಲ್ಲಿ ಅವರು ತೀರಿಕೊಂಡರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಮನಸೂರರೂ ಹೋದರು.

ಇಂದು ಅವರ ಧ್ವನಿಮುದ್ರಿಕೆಗಳೂ ದೂರದರ್ಶನದ ಹಳೆಯ ದೃಶ್ಯಗಳೂ ಬೆರಳ ತುದಿಯಲ್ಲಿ ಸಿಗುತ್ತವೆ. ಅವನ್ನು ಕೇಳಿ ಹಾಡುವ ಯುವಕರೂ ಇದ್ದಾರೆ. ಕೆಲವರು ಕುಮಾರರಂತೆಯೇ ತುಣುಕು ತುಣುಕಾಗಿ ಹಾಡುತ್ತಾರೆ, ಅವರಂತೆಯೇ ಥಟ್ಟನೆ ನಿಲ್ಲಿಸುತ್ತಾರೆ. ಎರಡೂ ಶ್ವಾಸಕೋಶ ನೆಟ್ಟಗಿರುವವರು ಒಂದೇ ಶ್ವಾಸಕೋಶದವರ ಉಸಿರನ್ನು ಎರವಲು ತರುವುದನ್ನು ಕಂಡಾಗ ನಗಬೇಕೋ ಮರುಗಬೇಕೋ ತಿಳಿಯುವುದಿಲ್ಲ. ಧ್ವನಿಮುದ್ರಿಕೆ ಹಾಡಿನ ರೂಪವನ್ನು ಕೊಡುತ್ತದೆ. ಆ ರೂಪ ಬಂದ ಕಾರಣವನ್ನು ಕೊಡುವುದಿಲ್ಲ.

ಬೆಳಗಾವಿಯಲ್ಲಿ ಕುಮಾರ ಗಂಧರ್ವರ ಹೆಸರಿನ ರಂಗಮಂದಿರವಿದೆ. ಅವರು ಕನ್ನಡದವರೋ ಮರಾಠಿಯವರೋ ಮಾಳವದವರೋ ಎಂದು ಗಡಿನಾಡಿನ ನಾವು ಆಗಾಗ ವಾದಿಸುವುದೂ ಉಂಟು. ಆದರೆ ಪ್ರತಿಭೆಯುಳ್ಳ ಮಗುವನ್ನು ಹನ್ನೊಂದು ವರ್ಷ ಕೂರಿಸಿಕೊಂಡು ಕಲಿಸುವ ಒಬ್ಬ ದೇವಧರರು ಇಂದು ಗೋಕಾಕ, ಹುಕ್ಕೇರಿ, ಮೂಡಲಗಿಗಳಲ್ಲಿ ಇದ್ದಾರೆಯೇ ಎಂದು ನಾವು ಕೇಳಿಕೊಳ್ಳುವುದಿಲ್ಲ. ಸ್ಪರ್ಧೆಯ ವೇದಿಕೆ ಮಗುವನ್ನು ಗುರುತಿಸಬಲ್ಲದು, ಬೆಳೆಸಲಾರದು. ಆ ಕೆಲಸ ಊರಿನದು.

ಮೊನ್ನೆ ಆ ಹುಡುಗನ ತಂದೆಯವರನ್ನು ಹುಡುಕಿಕೊಂಡು ಹೋದೆ. ಸ್ಪರ್ಧೆಗೆ ಕಳಿಸುವುದಾದರೆ ಕಳಿಸಿರೆಂದೆ. ಗೆದ್ದರೂ ಸೋತರೂ ಹಿಂದಿರುಗಿ ಬಂದ ಮರುದಿನದಿಂದ ಯಾರ ಬಳಿ ಪಾಠಕ್ಕೆ ಕೂರಿಸಬೇಕೆಂಬುದನ್ನು ಹೋಗುವ ಮೊದಲೇ ನಿಶ್ಚಯಿಸಿಕೊಳ್ಳಿರೆಂದೂ ಹೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, ಅಂಥವರು ಇಲ್ಲಿ ಯಾರಿದ್ದಾರೆಂದು ಕೇಳಿದರು. ಈಗ ಇಬ್ಬರೂ ಕೂಡಿ ಹುಡುಕುತ್ತಿದ್ದೇವೆ.