ಬುರುಡೆ ಅಳೆದ ಇರಾವತಿ ಕರ್ವೆ

ಬರ್ಮಾದ ದೊಡ್ಡ ನದಿ ಇರಾವತಿ. 1905ರ ಡಿಸೆಂಬರ್ 15ರಂದು ಆ ದೇಶದಲ್ಲಿ ಹುಟ್ಟಿದ ಮಗುವಿಗೆ ಅದೇ ಹೆಸರು ಬಂತು. ತಂದೆ ಅಲ್ಲಿ ಹತ್ತಿ ಕಂಪನಿಯ ಕೆಲಸದಲ್ಲಿದ್ದರು. ಏಳನೆಯ ವಯಸ್ಸಿಗೆ ಹುಡುಗಿಯನ್ನು ಪುಣೆಯ ಹುಜೂರ್‌ಪಾಗಾ ಶಾಲೆಗೆ ಕಳಿಸಿದರು. ಫರ್ಗ್ಯುಸನ್ ಕಾಲೇಜಿನ ಪ್ರಾಂಶುಪಾಲರಾಗಿದ್ದ ಪರಾಂಜಪೆಯವರ ಮನೆಯೇ ಅವಳಿಗೆ ಎರಡನೆಯ ತವರಾಯಿತು. 1926ರಲ್ಲಿ ಅದೇ ಕಾಲೇಜಿನಿಂದ ತತ್ತ್ವಶಾಸ್ತ್ರದಲ್ಲಿ ಪದವಿ ಪಡೆದು, ಮುಂಬಯಿಯಲ್ಲಿ ಜಿ. ಎಸ್. ಘುರ್ಯೆಯವರ ಬಳಿ ಸಮಾಜಶಾಸ್ತ್ರದ ಎಂ.ಎ. ಮಾಡಿದರು. ಮದುವೆಯಾದದ್ದು ರಸಾಯನಶಾಸ್ತ್ರದ ಅಧ್ಯಾಪಕ ದಿನಕರ ಕರ್ವೆ ಅವರನ್ನು. ಮಾವ ಮಹರ್ಷಿ ಧೋಂಡೋ ಕೇಶವ ಕರ್ವೆ ಸ್ತ್ರೀಶಿಕ್ಷಣಕ್ಕೆ ಬದುಕನ್ನೇ ಕೊಟ್ಟವರು. ಆದರೂ ಸೊಸೆ ಜರ್ಮನಿಗೆ ಓದಲು ಹೋಗುವುದು ಅವರಿಗೆ ಒಪ್ಪಿಗೆಯಾಗಲಿಲ್ಲ ಎಂಬುದು ನನಗೆ ಸೋಜಿಗದ ಸಂಗತಿ. ಗಂಡ ಬೆಂಬಲಕ್ಕೆ ನಿಂತರು, ಇರಾವತಿ 1928ರಲ್ಲಿ ಬರ್ಲಿನ್‌ಗೆ ಹೊರಟರು.

ಸೇರಿದ್ದು ಆಗಷ್ಟೇ ಆರಂಭವಾಗಿದ್ದ ಕೈಸರ್ ವಿಲ್ಹೆಲ್ಮ್ ಮಾನವಶಾಸ್ತ್ರ ಸಂಸ್ಥೆಗೆ. ಮಾರ್ಗದರ್ಶಕರು ಅದರ ನಿರ್ದೇಶಕ ಆಯ್ಗೆನ್ ಫಿಷರ್. ಬಿಳಿಯ ಯುರೋಪಿಯನ್ನರ ಮಿದುಳಿನ ಬಲಮುಂಭಾಗ ದೊಡ್ಡದು, ಅದಕ್ಕೇ ಅವರ ಬುರುಡೆಯ ಎಡಬಲಗಳು ಸಮವಿಲ್ಲ, ಅದು ಹೆಚ್ಚಿನ ಬುದ್ಧಿಯ ಗುರುತು ಎಂಬುದು ಫಿಷರ್ ಅವರ ಊಹೆ. ಅದಕ್ಕೆ ಪುರಾವೆ ಒದಗಿಸುವ ಕೆಲಸ ಶಿಷ್ಯೆಯ ಪಾಲಿಗೆ ಬಂತು. ಇರಾವತಿ 149 ಬುರುಡೆಗಳನ್ನು ಕೈಯಲ್ಲಿ ಹಿಡಿದು ಅಳೆದರು. ಅವುಗಳಲ್ಲಿ ಜರ್ಮನಿಯ ವಸಾಹತುಗಳಿಂದ ಸಾಗಿಸಿ ತಂದವೂ ಇದ್ದವು. ಯಾರ ಬುರುಡೆಯೂ ಪೂರ್ತಿ ಸಮವಾಗಿರಲಿಲ್ಲ. ಆದರೆ ಆ ಓರೆಗೂ ಜನಾಂಗಕ್ಕೂ ಸಂಬಂಧ ಕಾಣಲಿಲ್ಲ. ಕಂಡದ್ದನ್ನೇ ಅವರು ಬರೆದರು. 1930ರಲ್ಲಿ ಪಿಎಚ್.ಡಿ. ಸಿಕ್ಕಿತು, ಫಿಷರ್ ಕೊಟ್ಟದ್ದು ಮಾತ್ರ ಕನಿಷ್ಠ ದರ್ಜೆ.

ಪರದೇಶದ ಹೆಣ್ಣುಮಗಳು, ಇನ್ನೂ ಇಪ್ಪತ್ತೈದು ತುಂಬಿರಲಿಲ್ಲ. ಅಂಕ ಕೊಡುವವರು ಬಯಸಿದ ಉತ್ತರ ಯಾವುದೆಂದು ಮೊದಲೇ ಗೊತ್ತಿತ್ತು. ನಮ್ಮ ಬಿಎಸ್ಸಿ ಪ್ರಯೋಗಾಲಯದಲ್ಲಿ 'ಜಿ' ಬೆಲೆ 9.8 ಬರಬೇಕೆಂದು ಲೋಲಕದ ಅಳತೆಗಳನ್ನು ಹಿಂದಿನಿಂದ ಮುಂದಕ್ಕೆ ಬರೆದವರಲ್ಲಿ ನಾನೂ ಒಬ್ಬಳು. ಇದನ್ನು ಓದಿದಾಗ ಆ ರೆಕಾರ್ಡ್ ಪುಸ್ತಕ ನೆನಪಾಯಿತು. ಬೋಧನಾಭ್ಯಾಸದಲ್ಲಿ ಒಂಬತ್ತನೆಯ ತರಗತಿಯವರಿಗೆ ದಾರ, ಸ್ಕೇಲು ಕೊಟ್ಟು ಎರಡೂ ಅಂಗೈಗಳನ್ನು ಅಳೆಯಲು ಹೇಳಿದೆ. ಒಬ್ಬ ಹುಡುಗಿಗೆ ನಾಲ್ಕು ಮಿಲಿಮೀಟರ್ ವ್ಯತ್ಯಾಸ ಬಂತು. ಎರಡನ್ನೂ ಒಂದೇ ಮಾಡಿ ಬರೆಯಲೇ ಮಿಸ್ ಎಂದು ಕೇಳಿದಳು. ಇರಾವತಿಯವರ ಕಥೆ ಹೇಳಲು ಅದಕ್ಕಿಂತ ಒಳ್ಳೆಯ ಸಮಯ ಸಿಗುತ್ತಿರಲಿಲ್ಲ.

ಮೂಳೆ ಏನನ್ನೂ ಹೇಳುವುದಿಲ್ಲ ಎಂದು ಮಕ್ಕಳು ತಿಳಿಯಬಾರದು. ವಿಧಿವಿಜ್ಞಾನದಲ್ಲಿ ಗಂಡೋ ಹೆಣ್ಣೋ ಎಂದು ಅಂದಾಜಿಸಲು ಮೊದಲು ನೋಡುವುದು ಸೊಂಟದ ಮೂಳೆಯನ್ನು. ಹೆರಿಗೆಗೆ ಹೊಂದಿಕೊಂಡ ಹೆಣ್ಣಿನ ಶ್ರೋಣಿ ಅಗಲ. ಬುರುಡೆಯಲ್ಲಾದರೆ ಹುಬ್ಬಿನ ದಿಂಡು, ಕಿವಿಯ ಹಿಂದಿನ ಉಬ್ಬು ಸಾಮಾನ್ಯವಾಗಿ ಗಂಡಿನಲ್ಲಿ ದೊಡ್ಡವು. ಹರೆಯಕ್ಕೆ ಮೊದಲಿನ ಮೂಳೆಯಲ್ಲಿ ಈ ಗುರುತುಗಳನ್ನು ನಂಬುವುದು ಕಷ್ಟ. ಮೂಲ ಯಾವ ಕಡೆಯದು ಎಂಬ ಅಂದಾಜು ಇನ್ನೂ ಸಡಿಲ. ಹೋಲಿಸಲು ಕೈಯಲ್ಲಿ ಯಾರ ಮೂಳೆಗಳ ಅಳತೆ ಇದೆಯೋ, ಉತ್ತರ ಅವರ ನಡುವೆಯೇ ಸಿಗುತ್ತದೆ. ಅಳತೆಗಳು ಒಂದರ ಮೇಲೊಂದು ಹಾಯುವುದರಿಂದ ಅದು ಸಂಭವನೀಯತೆಯ ಮಾತು, ತೀರ್ಪಲ್ಲ. ಬುದ್ಧಿಯನ್ನಂತೂ ಕ್ಯಾಲಿಪರ್ ಹಿಡಿದು ಅಳೆಯಲಾಗದು.

1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದಾಗ ಫಿಷರ್ ಬರ್ಲಿನ್ ವಿಶ್ವವಿದ್ಯಾಲಯದ ಮುಖ್ಯಸ್ಥರಾದರು. ಅವರ ಸಂಸ್ಥೆಯ ವಿದ್ಯೆ ನಾಜಿ ಜನಾಂಗನೀತಿಗೆ ಒದಗಿತು. ಇರಾವತಿ ಅಷ್ಟರಲ್ಲಿ ಊರಿಗೆ ಮರಳಿ ಎಸ್‌ಎನ್‌ಡಿಟಿ ವಿಶ್ವವಿದ್ಯಾಲಯದಲ್ಲಿ ರಿಜಿಸ್ಟ್ರಾರ್ ಆಗಿದ್ದರು. 1939ರಲ್ಲಿ ಪುಣೆಯ ಡೆಕ್ಕನ್ ಕಾಲೇಜು ಸೇರಿ, ಉಳಿದ ವೃತ್ತಿಜೀವನವನ್ನು ಅಲ್ಲೇ ಕಳೆದರು. ಎಚ್. ಡಿ. ಸಾಂಕಲಿಯಾ ಅವರೊಂದಿಗೆ ಗುಜರಾತಿನ ಲಾಂಘ್ನಾಜ್‌ಗೆ ಹೋದರು. ಅಲ್ಲಿ ಸಿಕ್ಕಿದ್ದು ಸೂಕ್ಷ್ಮ ಶಿಲಾಯುಧಗಳ ಕಾಲದ ಜನರ ಅಸ್ಥಿಪಂಜರಗಳು.

ಕ್ಯಾಲಿಪರನ್ನು ಅವರು ಕೆಳಗಿಡಲಿಲ್ಲ. ವಿ. ಎಂ. ದಾಂಡೇಕರ್ ಜೊತೆಗೂಡಿ ಮಹಾರಾಷ್ಟ್ರದ ಜನರ ದೇಹಮಾಪನಗಳನ್ನು 1951ರಲ್ಲಿ ಪ್ರಕಟಿಸಿದರು. 1954ರ ಪ್ರಬಂಧದಲ್ಲಿ ಕರ್ನಾಟಕ ಮತ್ತು ಒಡಿಶಾದವರನ್ನು ಮಹಾರಾಷ್ಟ್ರದವರೊಂದಿಗೆ ಹೋಲಿಸಿದರು. ಜನರನ್ನು ಜಾತಿವಾರು ಅಳೆಯುವ ಆ ಪದ್ಧತಿ ಇಂದು ನಮಗೆ ಇರುಸುಮುರುಸು ತರುತ್ತದೆ, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಇಲ್ಲಿಯೂ ಅವರು ಗುರುವಿನ ಮಾತಿಗೆ ಅಳತೆಯನ್ನು ಬಗ್ಗಿಸಲಿಲ್ಲ. ದೊಡ್ಡ ಜಾತಿ ಒಡೆದು ಉಪಜಾತಿಗಳಾದವು ಎಂಬುದು ಘುರ್ಯೆಯವರ ವಾದ. ಒಂದೇ ಕಸುಬಿನ, ಒಂದೇ ಹೆಸರಿನ ಕುಂಬಾರ ಗುಂಪುಗಳೂ ಬೇರೆ ಬೇರೆ ಮೂಲದವಾಗಿರಬಹುದು ಎಂದು ಇರಾವತಿ 1961ರ ತಮ್ಮ ಪುಸ್ತಕದಲ್ಲಿ ವಾದಿಸಿದರು.

ಮಹಾಭಾರತದ ಪಾತ್ರಗಳನ್ನು ಕುರಿತು ಮರಾಠಿಯಲ್ಲಿ ಬರೆದ ಯುಗಾಂತ ಅವರಿಗೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ತಂದಿತು. ಪುಣೆಯ ಬೀದಿಗಳಲ್ಲಿ ಸ್ಕೂಟರ್ ಓಡಿಸಿದ ಮೊದಲ ಹೆಂಗಸರಲ್ಲಿ ಒಬ್ಬರೆಂದೂ ಅವರನ್ನು ನೆನೆಯುತ್ತಾರೆ. 1970ರ ಆಗಸ್ಟ್ 11ರಂದು ತೀರಿಕೊಂಡರು.