ಬೆಳಕು ತಂದವರು, ಬೆಳಕು ಕಾಣಲಿಲ್ಲ

ನಾಸಿಕ್‌ನ ಅಂಬಡ್ ಕೈಗಾರಿಕಾ ಪ್ರದೇಶದಲ್ಲಿ ನನ್ನದು ಟ್ರಾನ್ಸ್‌ಫಾರ್ಮರ್ ಪರೀಕ್ಷಿಸುವ ಕೆಲಸ. ತಿಂಗಳಿಗೆರಡು ಸಲ ಛತ್ರಪತಿ ಸಂಭಾಜಿನಗರದ ವಾಳೂಜ್‌ಗೂ ಹೋಗಿಬರುತ್ತೇನೆ. ಅಲ್ಲಿ ಹೊಸದಾಗಿ ಸೇರುವ ಐಟಿಐ ಹುಡುಗರಿಗೆ ಮೊದಲ ದಿನ ಒಂದೇ ಲೆಕ್ಕ ಕೊಡುತ್ತೇನೆ. ಬ್ಯಾಟರಿಯಿಂದ ಸುರುಳಿಗೆ 10 ಆಂಪಿಯರ್ ಕರೆಂಟ್ ಹರಿಸಿದಾಗ ಮೀಟರು 2 ವೋಲ್ಟ್ ತೋರಿಸಿದರೆ, ಭಾಗಿಸಿ: ಸುರುಳಿಯ ರೋಧ 0.2 ಓಮ್. ಗುಣಿಸಿ: 20 ವಾಟ್, ಬರೀ ಬಿಸಿಯಾಗಿ ಹೋಗುವ ವಿದ್ಯುತ್ತು.

ಕಳೆದ ವಾರ ಒಬ್ಬ ಹುಡುಗ ಕೇಳಿದ: ಮನೆಗೆ 230 ವೋಲ್ಟ್ ಸಾಕಲ್ಲ ಸರ್, ದೂರದ ಲೈನಿಗೆ ಸಾವಿರಾರು ವೋಲ್ಟ್ ಯಾಕೆ? ನನಗೆ ನೆನಪಾದದ್ದು ಸರ್ ಕೆ. ಶೇಷಾದ್ರಿ ಅಯ್ಯರ್.

ಅವರೂ ನಮ್ಮ ಹಾಗೆ ಊರು ಬಿಟ್ಟು ಬಂದವರೇ. ಹುಟ್ಟಿದ್ದು 1845ರಲ್ಲಿ, ಪಾಲಕ್ಕಾಡ್ ಸೀಮೆಯಲ್ಲಿ. ಮದರಾಸಿನಲ್ಲಿ ಓದು ಮುಗಿಸಿ 1868ರಲ್ಲಿ ಮೈಸೂರಿನ ನೌಕರಿಗೆ ಸೇರಿದರು. 1883ರಲ್ಲಿ ರಂಗಾಚಾರ್ಲು ತೀರಿಕೊಂಡಾಗ ದಿವಾನಗಿರಿ ಇವರಿಗೆ ಬಂತು. ಹದಿನೆಂಟು ವರ್ಷ ನಡೆಸಿದರು. ದೊಡ್ಡ ಹುದ್ದೆಗಳೆಲ್ಲ ಮದರಾಸಿನವರ ಪಾಲಾಗುತ್ತಿವೆ ಎಂಬ ಅಸಮಾಧಾನ ಆಗ ಮೈಸೂರಿನಲ್ಲಿ ಬಲವಾಗಿತ್ತು. ಪರಊರಲ್ಲಿ ದುಡಿಯುವ ನಮಗೆ ಆ ಮಾತಿನ ಎರಡೂ ಬದಿ ಅರ್ಥವಾಗುತ್ತದೆ.

ಹೆಸರಘಟ್ಟದಿಂದ ಬೆಂಗಳೂರಿಗೆ ನಲ್ಲಿ ನೀರು ಬಂದದ್ದು ಅವರ ಕಾಲದಲ್ಲೇ. ಆದರೆ ಅವರ ಎಲ್ಲಕ್ಕಿಂತ ದಿಟ್ಟ ಹೆಜ್ಜೆ ಶಿವನಸಮುದ್ರ. ಕಾವೇರಿಯ ಧುಮುಕಿನಿಂದ ವಿದ್ಯುತ್ ತೆಗೆದು ಕೋಲಾರದ ಚಿನ್ನದ ಗಣಿಗೆ ಮಾರುವ ಯೋಜನೆ ಅದು. ಅದನ್ನು ರೂಪಿಸಿದವರು ಎಂಜಿನಿಯರ್ ಜೋಲಿ ದ ಲೋಟ್‌ಬಿನಿಯರ್. ಸರ್ಕಾರದ ಹಣ, ಹೆಸರು ಎರಡನ್ನೂ ಪಣಕ್ಕಿಟ್ಟು ಬೆನ್ನಿಗೆ ನಿಂತವರು ದಿವಾನರು.

ದೂರ 92 ಮೈಲಿ, ಸುಮಾರು 148 ಕಿಲೋಮೀಟರ್. ಹುಡುಗನ ಪ್ರಶ್ನೆಗೆ ಉತ್ತರ ಇರುವುದು ಇಲ್ಲೇ. ಮೂರು ಫೇಸಿನ ಗೋಜು ಬೇಡ. ತಂತಿಯ ರೋಧ 20 ಓಮ್, ಕಳಿಸಬೇಕಾದದ್ದು 35 ಲಕ್ಷ ವಾಟ್ ಎಂದಿಟ್ಟುಕೊಳ್ಳಿ. 3,500 ವೋಲ್ಟ್‌ನಲ್ಲಿ ಕಳಿಸಿದರೆ 1,000 ಆಂಪಿಯರ್ ಬೇಕು. ಅಷ್ಟು ಕರೆಂಟ್ ಆ ತಂತಿಯಲ್ಲಿ ಹರಿಯಬೇಕಾದರೆ ತಂತಿಗೇ 20,000 ವೋಲ್ಟ್ ಬೇಕು! ಆಗದ ಮಾತು. ಅದೇ 35,000 ವೋಲ್ಟ್‌ನಲ್ಲಾದರೆ 100 ಆಂಪಿಯರ್ ಸಾಕು. ನಷ್ಟ, ಕರೆಂಟಿನ ವರ್ಗವನ್ನು ರೋಧದಿಂದ ಗುಣಿಸಿದಷ್ಟು: 2 ಲಕ್ಷ ವಾಟ್. ನೂರಕ್ಕೆ ಆರೂ ಇಲ್ಲ. ಶಿವನಸಮುದ್ರದ ಲೈನಿಗೆ ನಿಜವಾಗಿ ಆರಿಸಿಕೊಂಡದ್ದೂ 35,000 ವೋಲ್ಟೇ.

ಜೂನ್ 1902ರಲ್ಲಿ ಗಣಿಗೆ ವಿದ್ಯುತ್ ಹರಿಯಿತು. ಶೇಷಾದ್ರಿ ಅಯ್ಯರ್ ಆಗ ಇರಲಿಲ್ಲ. ಆರೋಗ್ಯ ಕೆಟ್ಟು 1901ರಲ್ಲಿ ಅಧಿಕಾರ ಬಿಟ್ಟವರು ಅದೇ ಸೆಪ್ಟೆಂಬರಿನಲ್ಲಿ ಬೆಂಗಳೂರಿನಲ್ಲಿ ಕಣ್ಣುಮುಚ್ಚಿದ್ದರು. ಒಂಬತ್ತು ತಿಂಗಳ ಅಂತರ. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ಹೊತ್ತಿದ ದೀಪವನ್ನೂ ಅವರು ನೋಡಲಿಲ್ಲ. ಇಂದು ಕಬ್ಬನ್ ಪಾರ್ಕಿನಲ್ಲಿ ಅವರ ಪ್ರತಿಮೆ ಇದೆ, ಶೇಷಾದ್ರಿಪುರ ಅವರ ಹೆಸರು ಹೊತ್ತಿದೆ.

ಹುಡುಗ ಲೆಕ್ಕವನ್ನು ಮತ್ತೊಮ್ಮೆ ಬಿಡಿಸಿ ನೋಡಿದ. ಆಮೇಲೆ, ಅವರು ಯಾವ ಊರಿನವರು ಸರ್, ಎಂದು ಕೇಳಿದ. ಪಾಲಕ್ಕಾಡ್ ಎನ್ನಲು ಹೊರಟವನು, ನಮ್ಮೂರಿನವರು ಎಂದುಬಿಟ್ಟೆ.